ವಾಕಿಟಾಕಿಯ ಗುಂಡಿ ಬಿಟ್ಟ ಮೇಲೆ ಹೇಳಿದ ‘ಬೇಡ’ ಯಾರಿಗೂ ಕೇಳಿಸುವುದಿಲ್ಲ

ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್. ಹೊಸ ಬಾಯ್ಲರ್ ಕೂರಿಸುವ ಕೆಲಸ ನಡೆದಿತ್ತು. ಕ್ರೇನ್ ಆಪರೇಟರ್ ಗೋಡೆಯ ಆಚೆ ಇದ್ದರು, ಅವರಿಗೆ ಬಾಯ್ಲರ್ ಕಾಣುತ್ತಿರಲಿಲ್ಲ. ಈಚೆ ವಾಕಿಟಾಕಿ ಹಿಡಿದು ನಿಂತ ಹುಡುಗ ಹೇಳಬೇಕು, ಆಚೆ ಅವರು ಕೇಳಿ ಲಿವರ್ ಎಳೆಯಬೇಕು. ಒಬ್ಬ ಹೆಲ್ಪರ್ ಬಾಯ್ಲರ್ ಎತ್ತಲು ಕಟ್ಟಿದ ಸ್ಲಿಂಗ್ ಸರಿಮಾಡಲು ಕೈ ಒಳಗೆ ಹಾಕಿದ್ದ. ಅದನ್ನು ನೋಡಿದ ಹುಡುಗ ಗಾಬರಿಯಿಂದ ‘ಎತ್ತಬ್ಯಾಡ’ ಅಂದ. ಆದರೆ ಮಾತು ಮುಗಿಯುವ ಮೊದಲೇ ಅವನ ಹೆಬ್ಬೆರಳು, ಮಾತಾಡುವಾಗ ಒತ್ತಿ ಹಿಡಿಯಬೇಕಾದ ಗುಂಡಿಯಿಂದ ಜಾರಿತ್ತು. ಆಚೆ ಕೇಳಿದ್ದು ‘ಎತ್ತ’ ಅಷ್ಟೇ. ಬಾಯ್ಲರ್ ಗೇಣುದ್ದ ಮೇಲೆದ್ದಿತು. ಹೆಲ್ಪರ್ ಕೈ ಕಿತ್ತುಕೊಂಡ. ಗ್ಲೌಸ್ ಮಾತ್ರ ಸ್ಲಿಂಗಿನ ಸಂದಿಯಲ್ಲಿ ಉಳಿಯಿತು.

‘ಸೆಟ್ ಕೆಟ್ಟದ ಸರ, ಬಂದು ನೋಡ್ರಿ’ ಅಂತ ಅವತ್ತೇ ಮಧ್ಯಾಹ್ನ ನನಗೆ ಫೋನ್ ಬಂತು. ಹೋಗಿ ನೋಡಿದೆ. ಸೆಟ್ ಚೆನ್ನಾಗಿಯೇ ಇತ್ತು.

ನಾನು ಬಳ್ಳಾರಿಯಲ್ಲಿ ವಾಕಿಟಾಕಿಗಳ ಪ್ರೋಗ್ರಾಮಿಂಗ್, ರಿಪೇರಿ ಮಾಡುತ್ತೇನೆ, ಬಳಸುವವರಿಗೆ ತರಬೇತಿ ಕೊಡುತ್ತೇನೆ. ಸಂಡೂರಿನ ಅದಿರು ಗಣಿ, ತೋರಣಗಲ್ಲಿನ ಕಾರ್ಖಾನೆಗಳ ಗುತ್ತಿಗೆ ಕೆಲಸ, ಕಾರಟಗಿ–ಸಿಂಧನೂರಿನ ರೈಸ್ ಮಿಲ್, ರಾಯಚೂರಿನ ಹತ್ತಿ ಜಿನ್ನಿಂಗ್, ಕೊಪ್ಪಳದ ಗವಿಮಠದ ಜಾತ್ರೆ, ಎಲ್ಲ ಕಡೆಯೂ ಈ ಸೆಟ್ ಇದ್ದೇ ಇರುತ್ತದೆ. ಎಲ್ಲಿ ಹೋದರೂ ಜನ ಮೊದಲು ಕೇಳುವುದು ರೇಡಿಯೇಷನ್ ಬಗ್ಗೆ. ಅದಕ್ಕೂ ಉತ್ತರ ಹೇಳುತ್ತೇನೆ. ಆದರೆ ನನಗೆ ಭಯ ಇರುವುದು ಆ ಹೆಬ್ಬೆರಳಿನ ಬಗ್ಗೆ.

ಯಾಕೆ ಅಂದರೆ, ಕನ್ನಡದಲ್ಲಿ ‘ಬೇಡ’, ‘ಇಲ್ಲ’, ‘ಬಾರದು’ ಎಲ್ಲ ಬರುವುದು ಮಾತಿನ ಕೊನೆಗೆ. ಇಂಗ್ಲಿಷ್‌ನ ‘ಡೋಂಟ್’ ಮೊದಲೇ ಬರುತ್ತದೆ. ವಾಕಿಟಾಕಿ ಎರಡೂ ತುದಿ ಕತ್ತರಿಸುತ್ತದೆ. ಗುಂಡಿ ಒತ್ತಿದ ತಕ್ಷಣ ಸೆಟ್ ಕಳಿಸಲು ಶುರು ಮಾಡುವುದಿಲ್ಲ, ಅದಕ್ಕೊಂದು ಕ್ಷಣ ಬೇಕು. ನಡುವೆ ರಿಪೀಟರ್ (ದನಿಯನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ಯಂತ್ರ) ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಹಾಗಾಗಿ ಅವಸರಪಟ್ಟು ಶುರು ಮಾಡಿದರೆ ‘ಡೋಂಟ್ ಲಿಫ್ಟ್’ನಲ್ಲಿ ‘ಡೋಂಟ್’ ಹೋಗುತ್ತದೆ. ಅವಸರಪಟ್ಟು ಮುಗಿಸಿದರೆ ‘ಎತ್ತಬೇಡ’ದಲ್ಲಿ ‘ಬೇಡ’ ಹೋಗುತ್ತದೆ. ಎರಡರಲ್ಲೂ ಉಳಿಯುವುದು ‘ಎತ್ತು’ ಅನ್ನುವ ಅರ್ಥವೇ. ತಂಡಕ್ಕೆ ಇದನ್ನು ಬಾಯಿಮಾತಲ್ಲಿ ಹೇಳಿದರೆ ಸಾಲದು. ಎರಡು ಸೆಟ್ ಕೊಟ್ಟು, ಗೋಡೆಯ ಆಚೆ ಈಚೆ ನಿಲ್ಲಿಸಿ ಮಾಡಿಸುತ್ತೇನೆ. ಒಬ್ಬರು ಬೇಕಂತಲೇ ಗುಂಡಿ ಬೇಗ ಬಿಡುತ್ತಾರೆ, ಇನ್ನೊಬ್ಬರು ಕೇಳಿದ್ದನ್ನು ಹಾಳೆಯಲ್ಲಿ ಬರೆಯುತ್ತಾರೆ. ಹಾಳೆ ನೋಡಿದಾಗ ಎಲ್ಲರೂ ಸುಮ್ಮನಾಗುತ್ತಾರೆ.

ಅಭ್ಯಾಸ ಇಷ್ಟೇ. ಗುಂಡಿ ಒತ್ತಿ, ಮನಸ್ಸಲ್ಲಿ ‘ಒಂದು’ ಅಂದು, ಆಮೇಲೆ ಮಾತಾಡಿ. ಮಾತು ಮುಗಿದ ಮೇಲೆ ಮತ್ತೆ ‘ಒಂದು’ ಅಂದು ಗುಂಡಿ ಬಿಡಿ. ಇನ್ನು ಅಪಾಯದ ಹೊತ್ತಲ್ಲಿ ‘ಎತ್ತಬೇಡ’, ‘ಬಿಡಬೇಡ’ ಅನ್ನುವ ಮಾತೇ ಬೇಡ. ‘ಸ್ಟಾಪ್ ಸ್ಟಾಪ್ ಸ್ಟಾಪ್’ ಅನ್ನಿ. ಅದರಲ್ಲಿ ಮೊದಲನೆಯದು ಹೋದರೂ, ಕೊನೆಯದು ಹೋದರೂ ನಡುವಿನದು ಉಳಿಯುತ್ತದೆ. ಈ ಮಾತು ಹೇಳುವ ಹಕ್ಕು ಸೂಪರ್‌ವೈಸರ್‌ಗೆ ಮಾತ್ರ ಅಂತ ಇರಬಾರದು. ಚಹಾ ತರುವ ಹುಡುಗನಿಗೆ ಅಪಾಯ ಕಂಡರೂ ಅವನು ಹೇಳಬಹುದು, ಹೇಳಬೇಕು.

ನಮ್ಮ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ‘ಹತ್ತು’ ಅಂದರೆ ಸಂಖ್ಯೆಯೋ, ಮೇಲೆ ಹತ್ತು ಅಂತಲೋ? ‘ಏಳು’ ಅಂದರೆ ಆರಾದ ಮೇಲಿನದೋ, ಎದ್ದೇಳು ಅಂತಲೋ? ಎದುರಿಗಿದ್ದರೆ ಮುಖ ನೋಡಿ ಗೊತ್ತಾಗುತ್ತದೆ. ಸೆಟ್‌ನಲ್ಲಿ ಮುಖ ಇಲ್ಲ. ‘ಆರು’, ‘ಮೂರು’, ‘ನೂರು’ ಕ್ರಷರ್ ಸದ್ದಿನಲ್ಲಿ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ಡಂಪರ್ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿ, ‘ಒಂದು, ಸೊನ್ನೆ, ಆರು’ ಅಂತ. ಕೇಳಿದವರು ಅದನ್ನೇ ತಿರುಗಿ ಹೇಳಬೇಕು. ‘ಹ್ಞೂಂ’, ‘ಓಕೆ’ ಸಾಲದು. ಕ್ರೇನ್ ಕೆಲಸದಲ್ಲಂತೂ ‘ಕೆಳಗ, ಕೆಳಗ, ಕೆಳಗ’ ಅಂತ ದನಿ ಬರುತ್ತಲೇ ಇರಬೇಕು. ದನಿ ನಿಂತರೆ ಲೋಡೂ ನಿಲ್ಲಬೇಕು. ಬ್ಯಾಟರಿ ಸತ್ತಿರಬಹುದು, ಹೇಳುವವರೇ ಬಿದ್ದಿರಬಹುದು. ಕ್ರೇನ್‌ಗೆ ಬೇರೆ ಯಾರೂ ಬಳಸದ ಒಂದು ಚಾನೆಲ್ ಮೀಸಲಿಡಿ.

ಚಾನೆಲ್ ಅಂದೆನಲ್ಲ, ಅಲ್ಲೊಂದು ದೊಡ್ಡ ಅಪಾಯ ಇದೆ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಲು ಆಗುವುದು. ಯಾರದೋ ಸೆಟ್ಟಿನ ಗುಂಡಿ ಸಿಕ್ಕಿಕೊಂಡರೆ ಉಳಿದವರೆಲ್ಲ ಮೂಕರು. ಸಂಡೂರು ಕಡೆಯ ಕೆಂಪು ಧೂಳು ಗೊತ್ತಲ್ಲ, ಅದು ಗುಂಡಿಯ ರಬ್ಬರ್ ಸುತ್ತ ಕೂತು, ಬೆವರು ಸೇರಿ ಗಟ್ಟಿಯಾಗುತ್ತದೆ. ಉಗುರಿನಿಂದ ಕೆರೆದರೆ ಇಟ್ಟಿಗೆ ಪುಡಿಯ ಹಾಗೆ ಉದುರುತ್ತದೆ. ಒತ್ತಿದ ಗುಂಡಿ ವಾಪಸ್ ಬರುವುದೇ ಇಲ್ಲ. ಒಮ್ಮೆ ಒಬ್ಬ ಡ್ರೈವರ್ ಸೆಟ್ ಮೇಲೆಯೇ ಕೂತುಬಿಟ್ಟಿದ್ದರು. ಇಡೀ ಗಣಿಗೆ ಅವರ ಜೀಪಿನ ಇಂಜಿನ್ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ಇದಕ್ಕೆ ಸೆಟ್ಟಿನೊಳಗೇ ಮದ್ದಿದೆ. ಟೈಮ್ ಔಟ್ ಟೈಮರ್ ಅಂತ ಒಂದು ಸೆಟಿಂಗ್. 60 ಸೆಕೆಂಡ್ ಇಟ್ಟರೆ, ಅಷ್ಟು ಹೊತ್ತು ಗುಂಡಿ ಒತ್ತೇ ಇದ್ದರೆ ಸೆಟ್ ತಾನೇ ಕಳಿಸುವುದನ್ನು ನಿಲ್ಲಿಸುತ್ತದೆ. ನನ್ನ ಹತ್ತಿರ ಬರುವ ಎಷ್ಟೋ ಸೆಟ್‌ಗಳಲ್ಲಿ ಇದನ್ನು ಆನ್ ಮಾಡಿಯೇ ಇರುವುದಿಲ್ಲ. ನಿಮ್ಮದರಲ್ಲಿ ಇದೆಯಾ ಅಂತ ಪ್ರೋಗ್ರಾಂ ಮಾಡಿದವರನ್ನು ಇವತ್ತೇ ಕೇಳಿ.

ಈಗ ರೇಡಿಯೇಷನ್. ಕೈಸೆಟ್ ಸಾಮಾನ್ಯವಾಗಿ 5 ವ್ಯಾಟ್‌ವರೆಗೆ ಶಕ್ತಿ ಹೊರಡಿಸುತ್ತದೆ, ಅದೂ ಗುಂಡಿ ಒತ್ತಿದಾಗ ಮಾತ್ರ. ಸುಮ್ನೆ ಕೇಳುತ್ತಿರುವಾಗ ಇಲ್ಲ. ಈ ಅಲೆಗಳು ಎಕ್ಸ್‌ರೇ ಥರ ಅಲ್ಲ, ಇವುಗಳ ಖಚಿತವಾಗಿ ಗೊತ್ತಿರುವ ಪರಿಣಾಮ ಮೈಯನ್ನು ಬಿಸಿ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು’ ಅನ್ನುವ 2ಬಿ ಗುಂಪಿಗೆ ಸೇರಿಸಿತು. ಹಾಗಂದರೆ ಸಾಬೀತಾಗಿದೆ ಅಂತಲ್ಲ, ಪೂರ್ತಿ ತಳ್ಳಿಹಾಕಿಲ್ಲ ಅಂತ. ಹಾಗಾಗಿ ದೂರ ಇಟ್ಟಷ್ಟೂ ಒಳ್ಳೆಯದು. ಬಾಯಿಗೆ ತಾಗಿಸಿ ಮಾತಾಡುವುದು ಬೇಡ. ಎರಡು ಮೂರು ಬೆರಳಿನಷ್ಟು ದೂರ, ಸೆಟ್ ನೆಟ್ಟಗೆ, ಆಂಟೆನಾ ಕಣ್ಣಿನಿಂದ ಆಚೆ. ಕಣ್ಣಿನ ಮಸೂರದಲ್ಲಿ ರಕ್ತ ಹರಿಯುವುದಿಲ್ಲ, ಬಿಸಿಯನ್ನು ಬೇಗ ಹೊರಹಾಕಲು ಅದಕ್ಕೆ ಆಗುವುದಿಲ್ಲ. ಹೀಗೆ ಹಿಡಿದರೆ ದನಿಯೂ ಸ್ಪಷ್ಟ. ಕೆಲಸದ ಸೆಟ್‌ಗಳ ಸುರಕ್ಷತೆಯ ಲೆಕ್ಕ ಹಾಕಿರುವುದು ಅರ್ಧ ಹೊತ್ತು ಮಾತು, ಅರ್ಧ ಹೊತ್ತು ಕೇಳುವುದು ಅಂತ. ಆಂಟೆನಾದ ರಬ್ಬರ್ ಸೀಳಿ ಒಳಗಿನ ತಂತಿ ಕಂಡರೆ ಬದಲಾಯಿಸಿ. ಮಾತಾಡುವಾಗ ಅದು ಚರ್ಮಕ್ಕೆ ತಾಗಿದರೆ ಚುರುಕ್ಕನೆ ಸುಡುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಎದೆ ಜೇಬಿನಲ್ಲಿ ಸೆಟ್ ಇಡಲೇಬಾರದು. 5 ವ್ಯಾಟ್ ಸೆಟ್ ಒಂದಡಿಯಾದರೂ ದೂರ ಇರಲಿ, ಬಳಸುವ ಮುಂಚೆ ಡಾಕ್ಟರನ್ನು ಕೇಳಿ.

ಗಣಿಯಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಮುಖ್ಯವಾದದ್ದು ಬ್ಲಾಸ್ಟಿಂಗ್, ಅಂದರೆ ಮದ್ದಿಟ್ಟು ಬಂಡೆ ಸಿಡಿಸುವುದು. ಸಿಡಿಮದ್ದಿಗೆ ಕಿಡಿ ಕೊಡುವ ಎಲೆಕ್ಟ್ರಿಕ್ ಡಿಟೋನೇಟರಿನೊಳಗೆ ಕೂದಲಿನಂಥ ಸಣ್ಣ ತಂತಿ ಇರುತ್ತದೆ. ಕರೆಂಟ್ ಹರಿದಾಗ ಅದು ಕಾದು ಮದ್ದು ಹೊತ್ತುತ್ತದೆ. ಅದರಿಂದ ಹೊರಗೆ ಬರುವ ಉದ್ದದ ಎರಡು ವೈರ್ ನೆಲದ ಮೇಲೆ ಹರಡಿಕೊಂಡಾಗ ಅವೇ ಆಂಟೆನಾ ಆಗುತ್ತವೆ. ಹತ್ತಿರದಲ್ಲಿ ಯಾರಾದರೂ ಸೆಟ್ಟಿನ ಗುಂಡಿ ಒತ್ತಿದರೆ ಆ ವೈರ್‌ಗಳಲ್ಲಿ ಸಣ್ಣ ಕರೆಂಟ್ ಹುಟ್ಟಬಹುದು. ಎಷ್ಟು ದೂರ ಸುರಕ್ಷಿತ ಅನ್ನುವುದು ಸೆಟ್ಟಿನ ಶಕ್ತಿ, ಫ್ರೀಕ್ವೆನ್ಸಿ ಮೇಲೆ ಹೋಗುತ್ತದೆ. ವಾಹನದಲ್ಲಿ ಕೂರಿಸಿದ 25 ವ್ಯಾಟ್ ಸೆಟ್‌ಗೆ ಕೈಸೆಟ್ಟಿಗಿಂತ ಜಾಸ್ತಿ ದೂರ ಬೇಕು. ಆ ಲೆಕ್ಕ ನೀವು ಹಾಕಬೇಡಿ, ಬ್ಲಾಸ್ಟರ್ ಹೇಳಿದ ಗಡಿಯೇ ಗಡಿ. ಗಡಿಯೊಳಗೆ ಸೆಟ್ ಪೂರ್ತಿ ಆಫ್ ಆಗಿರಬೇಕು. ‘ನಾ ಗುಂಡಿ ಒತ್ತಂಗಿಲ್ಲ ಬಿಡ್ರಿ’ ಅನ್ನುವವರಿದ್ದಾರೆ. ಕೆಲವು ಡಿಜಿಟಲ್ ಸೆಟ್‌ಗಳು ನೀವು ಮುಟ್ಟದಿದ್ದರೂ ‘ನಾನಿಲ್ಲಿದ್ದೇನೆ’ ಅಂತ ತಾವೇ ಸಿಗ್ನಲ್ ಕಳಿಸುತ್ತವೆ. ವೈರ್ ಬದಲು ಟ್ಯೂಬ್ ಇರುವ ನೋನೆಲ್ ಡಿಟೋನೇಟರ್‌ಗೆ ಈ ತೊಂದರೆ ಇಲ್ಲ. 2025ರ ಏಪ್ರಿಲ್‌ನಿಂದ ನಮ್ಮಲ್ಲಿ ಎಲೆಕ್ಟ್ರಿಕ್ ಡಿಟೋನೇಟರ್ ನಿಷೇಧವೂ ಆಗಿದೆ. ಆದರೆ ಇವತ್ತು ಯಾವುದು ಹಾಕಿದ್ದಾರೆ ಅಂತ ದೂರದಿಂದ ನಿಮಗೆ ಗೊತ್ತಾಗುವುದಿಲ್ಲ, ಅಲ್ವಾ?

ಗ್ಯಾಸ್ ಇರುವ ಜಾಗ, ಪೆಟ್ರೋಲ್ ಬಂಕ್, ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲು ಕಾಯಿಸುವ ಕೋಕ್ ಓವನ್ ಸುತ್ತಮುತ್ತ ಮಾಮೂಲಿ ಸೆಟ್ ಒಯ್ಯಬಾರದು. ಕಿಡಿ ಹಾರದಂತೆ ಮಾಡಿದ ಬೇರೆ ಜಾತಿಯ ಸೆಟ್‌ಗಳಿವೆ. ಅವಕ್ಕೆ ಸರ್ಟಿಫಿಕೇಟ್ ಕೊಡುವುದು ಸೆಟ್ ಮತ್ತು ಅದರದೇ ಬ್ಯಾಟರಿ ಎರಡನ್ನೂ ಸೇರಿಸಿ. ಹೊರಗಿನ ಅಗ್ಗದ ಬ್ಯಾಟರಿ ಹಾಕಿದ ದಿನವೇ ಆ ಸರ್ಟಿಫಿಕೇಟ್‌ಗೆ ಬೆಲೆ ಇಲ್ಲ. ಅಂಥ ಸೆಟ್ ನನ್ನ ಟೇಬಲ್ಲಿಗೆ ಬಂದರೆ ನಾನು ಬಿಚ್ಚುವುದಿಲ್ಲ, ಕಂಪನಿಯ ಅಧಿಕೃತ ಸರ್ವೀಸ್‌ಗೆ ಕಳಿಸುತ್ತೇನೆ. ಬ್ಯಾಟರಿ ಬದಲಾಯಿಸುವುದು, ಚಾರ್ಜಿಗೆ ಹಾಕುವುದು ಎರಡೂ ಆ ಜಾಗದಿಂದ ಹೊರಗೆ ಬಂದ ಮೇಲೆಯೇ.

ಬ್ಯಾಟರಿಗೆ ನಮ್ಮ ಊರಿನ ಬಿಸಿಲೇ ಶತ್ರು. ಬೇಸಿಗೆಯಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಎಷ್ಟಿರುತ್ತದೆ ಯೋಚಿಸಿ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬಿಸಿಲಿಂದ ತಂದ ಸೆಟ್ ಆಫ್ ಮಾಡಿ, ತಣ್ಣಗಾಗಲು ಬಿಟ್ಟು ಆಮೇಲೆ ಚಾರ್ಜರ್‌ಗೆ ಹಾಕಿ. ಬ್ಯಾಟರಿ ಉಬ್ಬಿದೆಯಾ ನೋಡಲು ಒಂದು ಸುಲಭ ಉಪಾಯ ಇದೆ. ಅದನ್ನು ಬಿಚ್ಚಿ, ಚಪ್ಪಟೆ ಇರಬೇಕಾದ ಬೆನ್ನು ಕೆಳಗೆ ಮಾಡಿ ಗಾಜಿನ ಟೇಬಲ್ ಮೇಲಿಟ್ಟು ಬೆರಳಿಂದ ಮೆಲ್ಲಗೆ ತಿರುಗಿಸಿ. ಸರಿಯಿದ್ದರೆ ಕಚ್ಚಿಕೊಂಡು ಕೂರುತ್ತದೆ. ಬುಗುರಿಯ ಹಾಗೆ ತಿರುಗಿದರೆ ನಡು ಉಬ್ಬಿದೆ ಅಂತ. ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಕಸದ ಬುಟ್ಟಿಗೂ ಎಸೆಯಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯುವ ಜವಾಬ್ದಾರಿ ತಯಾರಕರದು. ಇನ್ನು ಹೆಚ್ಚುವರಿ ಬ್ಯಾಟರಿಯನ್ನು ಚಿಲ್ಲರೆ, ಬೀಗದ ಕೈ ಇರುವ ಜೇಬಿಗೆ ಹಾಕಿಕೊಳ್ಳಬೇಡಿ. ಬ್ಯಾಟರಿ ಮೇಲಿನ ಲೋಹದ ಬಿಂದುಗಳಿಗೆ ಕೀ ಅಡ್ಡ ಬಿದ್ದರೆ ಶಾರ್ಟ್ ಆಗಿ ತೊಡೆ ಸುಡುತ್ತದೆ.

ಕಿವಿಯ ವಿಷಯ ಚಿಕ್ಕದು. ಸದ್ದಿನ ಜಾಗದಲ್ಲಿ ವಾಲ್ಯೂಮ್ ಏರಿಸುತ್ತ ಹೋಗುವ ಬದಲು ಹೊರಗಿನ ಸದ್ದು ತಡೆಯುವ ಹೆಡ್‌ಸೆಟ್ ಹಾಕಿ.

ಕಾನೂನನ್ನೂ ಸುರಕ್ಷತೆಯ ಲೆಕ್ಕಕ್ಕೇ ಸೇರಿಸುತ್ತೇನೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಶಕ್ತಿಯ ಸೆಟ್‌ಗಳನ್ನು. ಅವಕ್ಕೂ ಸರ್ಕಾರದ ಇಟಿಎ, ಅಂದರೆ ಆ ಮಾದರಿಯ ಸೆಟ್‌ಗೆ ಕೊಡುವ ಒಪ್ಪಿಗೆ ಇರಬೇಕು. ಉಳಿದದ್ದಕ್ಕೆ ಸಾಮಾನ್ಯವಾಗಿ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಆನ್‌ಲೈನ್‌ನಲ್ಲಿ ಸಿಗುವ ಎಷ್ಟೋ ಅಗ್ಗದ ಸೆಟ್‌ಗಳಲ್ಲಿ ಯಾವ ಫ್ರೀಕ್ವೆನ್ಸಿ ಬೇಕಾದರೂ ಒತ್ತಿಕೊಳ್ಳಬಹುದು. ಪೊಲೀಸರದ್ದಕ್ಕೂ ಬೀಳಬಹುದು, ರೈಲಿನವರದ್ದಕ್ಕೂ ಬೀಳಬಹುದು. ರೈಲಿನ ಲೋಕೋ ಪೈಲಟ್, ಟ್ರೈನ್ ಮ್ಯಾನೇಜರ್ (ಮೊದಲು ಗಾರ್ಡ್ ಅನ್ನುತ್ತಿದ್ದರು) ಮಾತಾಡುವುದೂ 5 ವ್ಯಾಟ್ ವಾಕಿಟಾಕಿಯಲ್ಲೇ. ಅವರ ಮಾತಿನ ನಡುವೆ ನಿಮ್ಮ ಮಾತು ನುಗ್ಗಿದರೆ ಏನಾಗಬಹುದು? ಇದೇ ಕಾರಣಕ್ಕೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೆ ಮಾರ್ಗಸೂಚಿ ತಂದಿತು. ಕೊಳ್ಳುವ ಮುಂಚೆ ಫ್ರೀಕ್ವೆನ್ಸಿ, ಇಟಿಎ ಎರಡೂ ಕೇಳಿ. ಬಾಕ್ಸ್ ಮೇಲಿನ ‘ಪ್ರೈವಸಿ ಕೋಡ್’ ನಂಬಿ ಹಣದ, ಮನೆಯ ವಿಷಯ ಮಾತಾಡಬೇಡಿ. ಅದು ಬೇರೆಯವರ ಮಾತು ನಿಮಗೆ ಕೇಳದಂತೆ ಮಾಡುತ್ತದೆ, ನಿಮ್ಮ ಮಾತು ಬೇರೆಯವರಿಗೆ ಕೇಳದಂತೆ ಅಲ್ಲ.

ಬಾಕ್ಸ್ ಮೇಲೆ ಬರೆದ ‘10 ಕಿಲೋಮೀಟರ್’ ಬಯಲಿನ ಲೆಕ್ಕ. ನಮ್ಮದು ಬಂಡೆಗಳ ನಾಡು. ಗಂಗಾವತಿ ಹತ್ತಿರದ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತುವಾಗ ಒಂದು ಬಂಡೆಯ ಈಚೆ ಕೆಳಗಿನವರ ಮಾತು ಗಂಟೆ ಹೊಡೆದ ಹಾಗೆ ಕೇಳುತ್ತದೆ, ನಾಲ್ಕು ಹೆಜ್ಜೆ ಆಚೆ ಹೋದರೆ ಬರೀ ಕರಕರ. ಮಾಲೆ ಹಾಕಿದ ಭಕ್ತರು ಗುಂಪಾಗಿ ಬರುವ ಹನುಮಮಾಲೆ ಹೊತ್ತಲ್ಲಿ ಅಲ್ಲಿ ಯಾರಾದರೂ ಕುಸಿದರೆ ಆ ನಾಲ್ಕು ಹೆಜ್ಜೆ ದೊಡ್ಡದು. ಅದಕ್ಕೆ ಸ್ವಯಂಸೇವಕರ ಜೊತೆ ಹಿಂದಿನ ದಿನವೇ ಸೆಟ್ ಹಿಡಿದು ಕೆಳಗಿಂದ ಮೇಲಿನವರೆಗೆ ನಡೆಯಿರಿ. ಪ್ರತಿ ತಿರುವಿನಲ್ಲೂ ನಿಂತು ಮಾತಾಡಿ ನೋಡಿ. ದನಿ ಹೋದ ಜಾಗವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅಂಥ ಕಡೆ, ಎರಡೂ ಬದಿಗೆ ಕೇಳುವ ಜಾಗ ಹುಡುಕಿ ಒಬ್ಬರನ್ನು ನಿಲ್ಲಿಸಿ. ಮೇಲಿನವರ ಮಾತನ್ನು ಅವರು ಕೆಳಗೆ ದಾಟಿಸಲಿ, ಕೇಳಿದ್ದನ್ನು ಕೇಳಿದ ಹಾಗೇ. ಅವರ ಕೈಗೆ ನೀರಿನ ಬಾಟಲಿ ಕೊಡಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಇನ್ನೊಂದು ಬ್ಯಾಟರಿಯನ್ನೂ ಕೊಡಿ. ಬೇರೆಯವರಿಗಿಂತ ಅವರ ಬ್ಯಾಟರಿಯೇ ಮೊದಲು ಖಾಲಿಯಾಗುವುದು.