ಡೌಗವ್‌ಪಿಲ್ಸ್: ಕೋಟೆಯ ಊರು, ರೈಲಿನ ಊರು

ಡೌಗವ್‌ಪಿಲ್ಸ್ ಉತ್ತರ ಯುರೋಪಿನ ಲಾಟ್ವಿಯಾ ದೇಶದ ಎರಡನೇ ದೊಡ್ಡ ಊರು. ಆದರೆ ಅಲ್ಲಿನ ಬೀದಿಯಲ್ಲಿ ಜಾಸ್ತಿ ಕಿವಿಗೆ ಬೀಳುವುದು ರಷ್ಯನ್ ಭಾಷೆ. ಲಾಟ್ವಿಯನ್ನರು ಐದರಲ್ಲಿ ಒಬ್ಬರಷ್ಟೇ. ಯಾಕೆ ಹೀಗೆ? ಇದೆಲ್ಲ ಲಾಟ್ವಿಯಾ ಸೋವಿಯತ್ ಒಕ್ಕೂಟದಲ್ಲಿದ್ದ ಕಾಲದ್ದು ಅಂತ ಪರೀಕ್ಷೆಯಲ್ಲಿ ಸುಮ್ನೆ ಬರೆದುಬಿಡಬೇಡಿ, ಅದು ಅರ್ಧ ಉತ್ತರ.

ಊರು ಇರುವುದು ದೇಶದ ಆಗ್ನೇಯ ಮೂಲೆಯ ಲಾಟ್ಗಾಲೆ ಪ್ರಾಂತ್ಯದಲ್ಲಿ, ಡೌಗವಾ ನದಿಯ ದಂಡೆಯಲ್ಲಿ. ಲಿಥುವೇನಿಯಾ, ಬೆಲಾರೂಸ್ ಗಡಿಗಳು ಹತ್ತಿರ. 1275ರಲ್ಲಿ ಜರ್ಮನ್ ಯೋಧರ ಲಿವೋನಿಯನ್ ಪಂಗಡ ಇಲ್ಲಿಂದ ಸುಮಾರು 19 ಕಿ.ಮೀ. ದೂರ, ನೀರು ಹರಿದು ಬರುವ ಕಡೆಗೆ, ನದಿ ಪಕ್ಕ ಕೋಟೆ ಕಟ್ಟಿತು. ರಷ್ಯದ ತ್ಸಾರ್ ನಾಲ್ಕನೇ ಇವಾನ್ 1577ರಲ್ಲಿ ಅದನ್ನು ಹಾಳುಮಾಡಿದ. ಆಮೇಲೆ ಊರು ಈಗಿನ ಜಾಗಕ್ಕೆ ಬಂತು. ಕೆಲಕಾಲ ಪೋಲೆಂಡಿನ ಕೈಯಲ್ಲಿತ್ತು, 1772ರಲ್ಲಿ ರಷ್ಯಾಕ್ಕೆ ಸೇರಿತು. ಹಳೆ ಪುಸ್ತಕಗಳಲ್ಲಿ ಡ್ಯೂನಾಬರ್ಗ್, ದ್ವಿನ್ಸ್ಕ್ ಅಂತ ಕಂಡರೆ ಗೊಂದಲ ಬೇಡ, ಇದೇ ಊರು.

ಮುಖ್ಯವಾದದ್ದು 19ನೇ ಶತಮಾನ. ನೆಪೋಲಿಯನ್ನನ ಭಯಕ್ಕೆ ರಷ್ಯಾ 1810ರಲ್ಲಿ ಇಲ್ಲಿ ದೊಡ್ಡ ಕೋಟೆ ಶುರುಮಾಡಿತು. 1812ರಲ್ಲಿ ಅವನ ಸೈನ್ಯ ಬಂದೇಬಿಟ್ಟಿತು, ಕೋಟೆ ಮಾತ್ರ ಅರೆಬರೆ! ಮುಂದೆ ದಶಕಗಳ ಕಾಲ ಕಟ್ಟುತ್ತಲೇ ಇದ್ದರು. ಮುಗಿಯುವಷ್ಟರಲ್ಲಿ ಯುದ್ಧದ ರೀತಿಯೇ ಬದಲಾಗಿತ್ತು. ಊರನ್ನು ನಿಜವಾಗಿ ಬೆಳೆಸಿದ್ದು ರೈಲು. 1860ರ ಸುಮಾರಿಗೆ ಪೀಟರ್ಸ್‌ಬರ್ಗ್–ವಾರ್ಸಾ ದಾರಿಯೂ ರೀಗಾ ದಾರಿಯೂ ಇಲ್ಲಿ ಕೂಡಿದವು. ಕೆಲಸ ಹುಡುಕಿ ಯಹೂದಿಗಳು, ಪೋಲರು, ರಷ್ಯನ್ನರು ಬಂದರು. 1897ರ ಜನಗಣತಿಯಲ್ಲಿ ಸುಮಾರು 70,000 ಜನ, ಅವರಲ್ಲಿ ಹೆಚ್ಚುಕಡಿಮೆ ಅರ್ಧ ಯಹೂದಿಗಳು. ಚಿತ್ರಕಾರ ಮಾರ್ಕ್ ರೋಥ್ಕೋ 1903ರಲ್ಲಿ ಹುಟ್ಟಿದ್ದು ಇಂಥ ಒಂದು ಯಹೂದಿ ಮನೆಯಲ್ಲೇ.

ಆ ಕಾಲದ ಗುರುತು ನೋಡಬೇಕಾದರೆ ಚರ್ಚ್ ಗುಡ್ಡಕ್ಕೆ ಹೋಗಬೇಕು. ಲೂಥರನ್, ಕ್ಯಾಥೊಲಿಕ್, ಆರ್ಥೊಡಾಕ್ಸ್ ಚರ್ಚುಗಳು, ಜೊತೆಗೆ ಹಳೆ ನಂಬಿಕೆಯವರ ಪ್ರಾರ್ಥನಾಮಂದಿರ, ನಾಲ್ಕೂ ಅಕ್ಕಪಕ್ಕ. ಹಳೆ ನಂಬಿಕೆಯವರೆಂದರೆ 17ನೇ ಶತಮಾನದಲ್ಲಿ ರಷ್ಯದ ಚರ್ಚು ತಂದ ಬದಲಾವಣೆ ಒಪ್ಪದೆ ದೂರ ಸರಿದವರು. ಅಂದರೆ ಇಲ್ಲಿನ ರಷ್ಯನ್ನರಲ್ಲಿ ಕೆಲವರ ಬೇರು ಸೋವಿಯತ್‌ಗಿಂತ ಎಷ್ಟೋ ಹಳೆಯದು, ಅಲ್ವಾ?

1941ರಲ್ಲಿ ನಾಜಿಗಳು ನದಿಯಾಚೆಯ ಕೋಟೆಭಾಗದಲ್ಲಿ ಯಹೂದಿಗಳನ್ನು ಕೂಡಿಹಾಕಿದರು. ಹೆಚ್ಚಿನವರನ್ನು ಕೊಂದರು. ಯುದ್ಧದ ನಂತರ ಕಾರ್ಖಾನೆಗಳಿಗೆಂದು ಸೋವಿಯತ್ ಒಕ್ಕೂಟದ ಬೇರೆ ಕಡೆಗಳಿಂದ ಜನ ಬಂದರು. ಉತ್ತರದ ಉಳಿದರ್ಧ ಇದು.

1990ರ ಹೊತ್ತಿಗೆ 1,20,000 ದಾಟಿದ್ದ ಜನಸಂಖ್ಯೆ ಈಗ ಸುಮಾರು 80,000. ಕೋಟೆಯಲ್ಲೀಗ ಸೈನ್ಯವಿಲ್ಲ. ಅಲ್ಲಿನ ಹಳೆ ಆಯುಧಶಾಲೆಯಲ್ಲಿ 2013ರಿಂದ ರೋಥ್ಕೋ ಕಲಾಕೇಂದ್ರ ನಡೆಯುತ್ತಿದೆ.