ಕುಂಠಿತ ಬೆಳವಣಿಗೆ: ತೂಕ ಸರಿ ಇದ್ದರೂ ಎತ್ತರ ಯಾಕೆ ನೋಡಬೇಕು?

ಅಂಗನವಾಡಿಯಲ್ಲಿ ಮಗುವನ್ನು ತೂಕಕ್ಕೆ ಹಾಕಿದ ತಕ್ಷಣ ಎಲ್ಲರೂ ಕೇಳುವುದು "ಎಷ್ಟು ಕೆಜಿ?" ಅಂತ. ಎತ್ತರ ಕೇಳುವವರು ತೀರಾ ಕಡಿಮೆ. ಕುಂಠಿತ ಬೆಳವಣಿಗೆ ಗೊತ್ತಾಗುವುದು ಮಾತ್ರ ಎತ್ತರದಿಂದಲೇ.

ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದೇ ಕುಂಠಿತ ಬೆಳವಣಿಗೆ. ಇದಕ್ಕೆ ಬಳಸುವ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟಿತು. ಆ ಪ್ರಕಾರ ಮೂರು ವರ್ಷ ತುಂಬಿದ ಹೆಣ್ಣುಮಗು ಸುಮಾರು 95 ಸೆಂ.ಮೀ. ಇರಬೇಕು. 87.4ಕ್ಕಿಂತ ಕಡಿಮೆ ಇದ್ದರೆ ಬೆಳವಣಿಗೆ ಕುಂಠಿತವಾಗಿದೆ ಎಂದು ಲೆಕ್ಕ. ಗಂಡುಮಗುವಿಗೆ ಈ ಗೆರೆ 88.7. ಎತ್ತರಕ್ಕೆ ತಕ್ಕ ತೂಕ ಇಲ್ಲದೆ ಸೊರಗಿ ಹೋಗುವುದು ಬೇರೆ ತೊಂದರೆ. ಅದು ಕೆಲವೇ ವಾರಗಳಲ್ಲಿ ಬರಬಹುದು, ನೋಡಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಕುಂಠಿತವಾದ ಮಗು ಹಾಗಲ್ಲ. ಕೆನ್ನೆ ತುಂಬಿಕೊಂಡು, ಆಡಿಕೊಂಡು ಇರಬಹುದು. ಸುಮ್ನೆ ನೋಡಿದರೆ ಒಂದು ವರ್ಷ ಚಿಕ್ಕದು ಅನ್ನಿಸುತ್ತದೆ, ಅಷ್ಟೇ.

"ಅವರಪ್ಪನೂ ಕುಳ್ಳ, ಇವನೂ ಕುಳ್ಳ ಬಿಡಿ" ಅನ್ನುತ್ತೇವೆ ಅಲ್ವಾ? ಒಂದು ಮಗುವಿನ ಮಟ್ಟಿಗೆ ಅದು ನಿಜವೂ ಇರಬಹುದು. ಆದರೆ ಆ ಪಟ್ಟಿಗಾಗಿ ದೆಹಲಿಯೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದಿದ್ದರು. ಎದೆಹಾಲು, ಒಳ್ಳೆಯ ಊಟ, ಚೊಕ್ಕಟ ಪರಿಸರ ಸಿಕ್ಕರೆ ಐದು ವರ್ಷದವರೆಗೆ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ ಎಂದು ಕಂಡಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 35.4% ಮಕ್ಕಳು ಕುಂಠಿತ. ಇಷ್ಟು ಮಕ್ಕಳ ವಿಷಯದಲ್ಲಿ ವಂಶದ ಮಾತು ನಿಲ್ಲುವುದಿಲ್ಲ.

ಬೇರು ಇರುವುದು ತಾಯಿಯ ಹೊಟ್ಟೆಯಲ್ಲೇ. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. 1934–54ರಲ್ಲಿ ಅಲ್ಲಿ ಹುಟ್ಟಿದವರನ್ನು ಹುಡುಕಿ ತಪಾಸಣೆ ಮಾಡಿದಾಗ, ಚಿಕ್ಕದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಬಸುರಿಯ ತಟ್ಟೆ ಖಾಲಿ ಇದ್ದರೆ ಅದರ ಗುರುತು ಐವತ್ತು ವರ್ಷ ಉಳಿಯಬಲ್ಲದು. ರಕ್ತಹೀನತೆ, ಚಿಕ್ಕ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ, ಇವೆಲ್ಲ ಇಲ್ಲಿ ಸೇರುತ್ತವೆ.

ಎರಡನೇ ಪೆಟ್ಟು ಆರು ತಿಂಗಳಾದ ಮೇಲೆ, ಎದೆಹಾಲಿನ ಜೊತೆ ಮೇಲೂಟ ಶುರುವಾದಾಗ. ಮಂಡ್ಯ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರಿದೆ, ಭತ್ತ, ಕಬ್ಬು, ರಾಗಿ ಇದೆ. ಆದರೂ ಕೂಸಿನ ಬಟ್ಟಲಿಗೆ ಬೀಳುವುದು ನೀರು ನೀರಾದ ಗಂಜಿ, ಇಲ್ಲವೇ ಟೀಯಲ್ಲಿ ಅದ್ದಿದ ಬಿಸ್ಕತ್ತು ಆದರೆ ಏನು ಪ್ರಯೋಜನ? ಮಗುವಿನ ಹೊಟ್ಟೆ ಪುಟ್ಟದು. ನೀರಲ್ಲೇ ತುಂಬಿಬಿಡುತ್ತದೆ. ಟೀ ಬೇರೆ, ಊಟದ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ತಡೆಯುತ್ತದೆ.

ಇಲ್ಲಿ ನಮ್ಮ ಅಜ್ಜಿಯರ ರಾಗಿ ಸರಿ ನಿಜಕ್ಕೂ ದೊಡ್ಡ ಜಾಣ್ಮೆ. ರಾಗಿ ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹಗುರವಾಗಿ ಹುರಿದು ಬೀಸುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಸರಿ ಗಟ್ಟಿಯಾಗುವುದಿಲ್ಲ, ಮಗು ಸಲೀಸಾಗಿ ನುಂಗುತ್ತದೆ. ಕೆಂಪಗಾಗುವಷ್ಟು ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ. ಆದರೆ ವರ್ಷವಿಡೀ ಬರೀ ಸರಿ ಸಾಲದು. ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಸ್ವಲ್ಪ ತುಪ್ಪ ಜೊತೆಗಿರಬೇಕು.

ಇನ್ನು ಭೇದಿ. ತಿಂದದ್ದು ದಕ್ಕದಿದ್ದರೆ ಬೆಳೆಯುವುದೆಲ್ಲಿಂದ? ಕೊಳೆ ನೀರು, ತೊಳೆಯದ ಕೈ, ಬಯಲು ಮಲವಿಸರ್ಜನೆ ಇವುಗಳಿಂದ ಕರುಳು ಪದೇ ಪದೇ ಸೋಂಕಿಗೆ ಸಿಕ್ಕರೆ, ಊಟದ ಸತ್ವ ಹೀರುವ ಶಕ್ತಿಯೇ ಕುಗ್ಗುತ್ತದೆ. ಭೇದಿಯಾದಾಗ ಊಟ ನಿಲ್ಲಿಸುವುದಂತೂ ಕೂಡದು. ಓಆರ್‌ಎಸ್ ಕೊಡಿ, ವೈದ್ಯರನ್ನು ಕೇಳಿ ಜಿಂಕ್ ಕೊಡಿ, ಎದೆಹಾಲು ಬಿಡಿಸಬೇಡಿ.

ಬಸುರಿನ ಒಂಬತ್ತು ತಿಂಗಳು, ಆಮೇಲಿನ ಎರಡು ವರ್ಷ ಸೇರಿದರೆ ಸುಮಾರು 1000 ದಿನ. ಮಿದುಳು ಅತಿ ವೇಗವಾಗಿ ಬೆಳೆಯುವ ಕಾಲವೂ ಇದೇ. ಆದ್ದರಿಂದ ನನಗೆ ಎತ್ತರಕ್ಕಿಂತ ಕಲಿಕೆಯ ಚಿಂತೆ ಹೆಚ್ಚು. ಈ ಅವಧಿಯಲ್ಲಿ ತಪ್ಪಿದ ಎತ್ತರವನ್ನು ಮುಂದೆ ಪೂರ್ತಿ ತುಂಬಿಕೊಳ್ಳುವುದು ಕಷ್ಟ.

1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಮೊದಲು ಶುರುವಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಈಗ ಅಂಗನವಾಡಿಗಳಲ್ಲಿ ಎತ್ತರವನ್ನೂ ಅಳೆಯಬೇಕು. ಎರಡು ವರ್ಷದೊಳಗಿನ ಕೂಸನ್ನು ಹಲಗೆಯ ಮೇಲೆ ಮಲಗಿಸಿಯೇ ಅಳೆಯಬೇಕು: ಒಬ್ಬರು ತಲೆ ಹಿಡಿಯಬೇಕು, ಇನ್ನೊಬ್ಬರು ಮಂಡಿ ಒತ್ತಿ ಪಾದಕ್ಕೆ ಪಟ್ಟಿ ತಾಗಿಸಬೇಕು. ಮಗು ಅಳುತ್ತದೆ, ಕಾಲು ಮಡಚುತ್ತದೆ. ಅವಸರ ಮಾಡಿದರೆ ಒಂದೆರಡು ಸೆಂ.ಮೀ. ತಪ್ಪಾಗುತ್ತದೆ, ಮಗು ಗೆರೆಯ ಈಚೆಗೋ ಆಚೆಗೋ ಬಿದ್ದುಬಿಡುತ್ತದೆ. ತೂಕ ಬರೆಸಲು ಹೋದಾಗ ಎತ್ತರವನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಕೆಲವು ತಿಂಗಳು ಬಿಟ್ಟು ಮತ್ತೆ ಅಳೆಸಿ. ಕಾರ್ಡಿನಲ್ಲಿ ಮಗುವಿನ ಎತ್ತರದ ಗೆರೆ ಮೇಲೇರದೆ ಅಡ್ಡಕ್ಕೆ ಮಲಗಿದ್ದರೆ, ಮಗು ಗುಂಡುಗುಂಡಾಗಿ ಕಂಡರೂ ಮಕ್ಕಳ ವೈದ್ಯರಿಗೆ ತೋರಿಸಿ.