ದವಡೆಯ ಶಸ್ತ್ರಚಿಕಿತ್ಸೆಗೆ ಹಲ್ಲೇ ಸಾಕ್ಷಿ

ದೊಡ್ಡದಾಗಿ ಆಕಳಿಸಿದವರ ಬಾಯಿ ತೆರೆದದ್ದು ತೆರೆದ ಹಾಗೆಯೇ ನಿಂತುಬಿಡುವುದುಂಟು. ಕೆಳದವಡೆಯ ಕೀಲು ಗುಳಿಯಿಂದ ಜಾರಿ ಮುಂದಕ್ಕೆ ಬಂದು ಸಿಕ್ಕಿಕೊಂಡಿರುತ್ತದೆ. ಮಾತು ಹೊರಡದು, ಜೊಲ್ಲು ನಿಲ್ಲದು. ಇದನ್ನು ಸರಿಪಡಿಸುವ ಕ್ರಮ ಎಡ್ವಿನ್ ಸ್ಮಿತ್ ಪಪೈರಸ್ ಎಂದು ಹೆಸರಾದ ಈಜಿಪ್ಟಿನ ಸುರುಳಿಯಲ್ಲಿದೆ. ಉಳಿದುಬಂದಿರುವ ಪ್ರತಿ ಕ್ರಿ.ಪೂ. 1600ರ ಸುಮಾರಿನದು. ಎರಡು ಹೆಬ್ಬೆರಳುಗಳನ್ನು ಬಾಯೊಳಗೆ ದವಡೆಯ ತುದಿಗಳ ಮೇಲಿಟ್ಟು, ಉಳಿದ ಬೆರಳುಗಳಿಂದ ಗದ್ದವನ್ನು ಹಿಡಿದು, ಹಿಂದಕ್ಕೆ ತಳ್ಳಿ ಸ್ವಸ್ಥಾನದಲ್ಲಿ ಕೂರಿಸಬೇಕು ಎನ್ನುತ್ತದೆ ಅದು. ಇಂದಿನ ತುರ್ತು ಚಿಕಿತ್ಸಾ ವಿಭಾಗದ ವೈದ್ಯರು ಮಾಡುವುದೂ ಬಹುಮಟ್ಟಿಗೆ ಇದನ್ನೇ. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ, ಏಕೆಂದರೆ ಕೀಲು ಕೂತ ಕ್ಷಣದಲ್ಲಿ ಹಲ್ಲುಗಳು ಪಟ್ಟನೆ ಮುಚ್ಚಿಕೊಳ್ಳುತ್ತವೆ.

ಅದೇ ಸುರುಳಿ ಮತ್ತೊಂದು ರೋಗಿಯ ವಿಷಯದಲ್ಲಿ ಕೈಚೆಲ್ಲುತ್ತದೆ. ಕೆಳದವಡೆ ಮುರಿದು, ಮೇಲೆ ಗಾಯವಾಗಿ, ಜ್ವರವೂ ಬಂದಿದ್ದರೆ ಅದು ಚಿಕಿತ್ಸೆ ಮಾಡಬಾರದ ಬೇನೆ. ದವಡೆಯ ಶಸ್ತ್ರಚಿಕಿತ್ಸೆಯ ಮುಂದಿನ ಚರಿತ್ರೆಯೆಲ್ಲ ಈ ಎರಡನೆಯ ರೋಗಿಯ ಕಥೆ ಎಂದರೂ ಸಲ್ಲುತ್ತದೆ.

ಮೊದಲ ದಾರಿ ತೋರಿಸಿದವರು ಗ್ರೀಕರು. ಮುರಿದ ಜಾಗದ ಎರಡೂ ಬದಿಯ ಹಲ್ಲುಗಳನ್ನು ಚಿನ್ನದ ತಂತಿಯಿಂದಲೋ ನಾರಿನ ದಾರದಿಂದಲೋ ಒಂದಕ್ಕೊಂದು ಬಿಗಿಯಬೇಕು ಎಂದು ಹಿಪೊಕ್ರಟಿಸನ ಹೆಸರಿನ ಗ್ರಂಥಗಳು ಹೇಳುತ್ತವೆ. ಈ ಸಣ್ಣ ಸೂಚನೆಯಲ್ಲಿ ದೊಡ್ಡ ಒಳನೋಟವಿದೆ. ತೊಡೆಯ ಮೂಳೆ ಸರಿಯಾಗಿ ಕೂಡಿತೋ ಇಲ್ಲವೋ ಎಂದು ಹೊರಗಿನಿಂದ ಹೇಳುವುದು ಕಷ್ಟ. ದವಡೆಯಲ್ಲಿ ಹಾಗಲ್ಲ, ಅದು ತನ್ನ ಅಳತೆಗೋಲನ್ನು ತಾನೇ ಹೊತ್ತುಕೊಂಡಿದೆ. ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಮೊದಲಿನಂತೆ ಕೂತರೆ ಮೂಳೆಯೂ ಕೂತಿದೆ ಎಂದೇ ಅರ್ಥ. ಮುಖಕ್ಕೆ ಪೆಟ್ಟು ಬಿದ್ದು ಬಂದವರನ್ನು ವೈದ್ಯರು ಈಗಲೂ ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: 'ಕಚ್ಚಿ ನೋಡಿ, ಹಲ್ಲು ಮೊದಲಿನ ಹಾಗೆ ಕೂಡುತ್ತಿದೆಯೇ?' ಇಲ್ಲ ಎಂಬ ಉತ್ತರ ಬಂದರೆ, ಎಕ್ಸ್‌ರೇ ತೆಗೆಯುವ ಮೊದಲೇ ಮೂಳೆ ಮುರಿದಿರುವ ಅನುಮಾನ ಹುಟ್ಟುತ್ತದೆ. ತುಟಿ ಅಥವಾ ಗದ್ದ ಜೋಮು ಹಿಡಿದಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ.

ನಡುವಣ ಶತಮಾನಗಳಲ್ಲಿ ಯುರೋಪಿನಲ್ಲಿ ಹಲ್ಲು ಕೀಳುವುದು ಕ್ಷೌರಿಕರ ಕೈಯಲ್ಲೂ ಸಂತೆಯ ಚಮತ್ಕಾರಿಗಳ ಕೈಯಲ್ಲೂ ಇತ್ತು. 1728ರಲ್ಲಿ ಫ್ರಾನ್ಸಿನ ಪಿಯೆರ್ ಫೊಶಾರ್ ಬರೆದ ಗ್ರಂಥ ಅದನ್ನು ಶಾಸ್ತ್ರದ ಪಂಕ್ತಿಗೆ ತಂದಿತು. ಆದರೂ ನೋವು ತಡೆಯುವ ಉಪಾಯವಿಲ್ಲದೆ ದವಡೆಯ ಮೂಳೆಗೆ ಗರಗಸ ಹಚ್ಚುವುದು ಎಷ್ಟು ಜನರಿಗೆ ಸಾಧ್ಯ?

ಆ ಉಪಾಯ ಬಂದದ್ದೂ ಹಲ್ಲಿನ ವೈದ್ಯರಿಂದಲೇ. 1844ರಲ್ಲಿ ಅಮೆರಿಕದ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಸೇವಿಸಿ ತನ್ನದೇ ಹಲ್ಲು ಕೀಳಿಸಿಕೊಂಡ. ಮರುವರ್ಷ ಬಾಸ್ಟನ್ನಿನಲ್ಲಿ ವೈದ್ಯರ ಮುಂದೆ ತೋರಿಸಲು ಹೋದಾಗ ರೋಗಿ ಕೂಗಿಕೊಂಡದ್ದರಿಂದ ನಗೆಪಾಟಲಾದ. ಅವನ ಹಳೆಯ ಜೊತೆಗಾರ ವಿಲಿಯಂ ಮಾರ್ಟನ್ 1846ರ ಅಕ್ಟೋಬರ್ 16ರಂದು ಅದೇ ಊರಿನಲ್ಲಿ ಈಥರ್ ಕೊಟ್ಟು ಗೆದ್ದ. ಅಂದು ಕತ್ತಿ ತಗುಲಿದ್ದು ದವಡೆಯ ಕೆಳಗಿನ ಗಡ್ಡೆಗೆ. 1884–85ರ ಹೊತ್ತಿಗೆ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಕೆಳದವಡೆಯ ನರದ ಬುಡಕ್ಕೆ ಕೊಕೇನ್ ಚುಚ್ಚಿ, ರೋಗಿ ಎಚ್ಚರವಿರುವಾಗಲೇ ಅರ್ಧ ದವಡೆಯನ್ನು ಮರಗಟ್ಟಿಸುವುದನ್ನು ಸಾಧಿಸಿದ. ತನ್ನ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತ ಆ ಮದ್ದಿನ ದಾಸನೂ ಆದ. ಇಂದು ಬುದ್ಧಿಹಲ್ಲು ತೆಗೆಯುವ ಮೊದಲು ಕೊಡುವ ಇಂಜೆಕ್ಷನ್ ಅದೇ ಜಾಗಕ್ಕೆ ಬೀಳುತ್ತದೆ. ಮದ್ದು ಮಾತ್ರ ಬದಲಾಗಿದೆ, ಈಗ ಬಳಕೆಯಲ್ಲಿರುವುದು 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಡೊಕೇನ್ ಮತ್ತು ಅದರ ಬಳಗ.

ಹಲ್ಲಿನವರೂ ಶಸ್ತ್ರವೈದ್ಯರೂ ಒಬ್ಬರ ಕೆಲಸವನ್ನು ಇನ್ನೊಬ್ಬರು ಕಲಿತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಬಾಲ್ಯದಲ್ಲಿ ಸುಟ್ಟ ಗಾಯದ ಕಲೆ ಕುತ್ತಿಗೆಯನ್ನು ಎಳೆದು ಒಬ್ಬ ಯುವತಿಯ ಕೆಳದವಡೆ ಉದ್ದವಾಗಿ ಬೆಳೆದಿತ್ತು. ಅಮೆರಿಕದ ಸೈಮನ್ ಹುಲಿಹೆನ್ ಅದರಿಂದ ಒಂದು ಮೂಳೆಯ ತುಂಡನ್ನು ತೆಗೆದು ದವಡೆಯನ್ನು ಹಿಂದೆ ಸರಿಸಿದ. 1849ರ ಆ ವರದಿಯನ್ನು ದವಡೆ ತಿದ್ದುವ ಶಸ್ತ್ರಚಿಕಿತ್ಸೆಯ ಮೊದಲ ದಾಖಲೆ ಎಂದು ಎಣಿಸುತ್ತಾರೆ. ಫಿಲಡೆಲ್ಫಿಯದ ಜೇಮ್ಸ್ ಗ್ಯಾರೆಟ್ಸನ್ 1869ರಲ್ಲಿ ಬಾಯಿ, ದವಡೆಗಳ ರೋಗಗಳನ್ನೂ ಶಸ್ತ್ರಚಿಕಿತ್ಸೆಯನ್ನೂ ಕುರಿತು ದೊಡ್ಡ ಗ್ರಂಥವನ್ನೇ ಬರೆದ. ಆ ನಡುವೆ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಥಾಮಸ್ ಗನ್ನಿಂಗ್ ಮತ್ತು ದಕ್ಷಿಣದ ಜೇಮ್ಸ್ ಬೀನ್, ಶತ್ರುಪಾಳಯಗಳಲ್ಲಿದ್ದೂ, ಒಂದೇ ಉಪಾಯಕ್ಕೆ ಬಂದಿದ್ದರು. ಹಲ್ಲಿನ ಅಚ್ಚು ತೆಗೆದು, ಮುರಿದ ಅಚ್ಚನ್ನು ಸರಿಯಾಗಿ ಕೂಡಿಸಿ, ಅದಕ್ಕೆ ಹೊಂದುವ ಗಟ್ಟಿ ರಬ್ಬರಿನ ಪಟ್ಟಿ ಮಾಡಿ ಬಾಯಿಗೆ ತೊಡಿಸುವುದು. ಮತ್ತೆ ಅದೇ ಲೆಕ್ಕ: ಹಲ್ಲು ಕೂಡಬೇಕು.

ಆ ಲೆಕ್ಕವನ್ನು ಮರೆತರೆ ಏನಾಗುತ್ತದೆ ಎಂಬುದನ್ನು ಮೊದಲ ಮಹಾಯುದ್ಧ ತೋರಿಸಿತು. ಕಂದಕದೊಳಗೆ ಮೈ ಅಡಗಿಸಿದ್ದ ಸೈನಿಕ ತಲೆ ಎತ್ತಿ ನೋಡಿದಾಗ ಗುಂಡು, ಸಿಡಿಚೂರು ಬಡಿಯುತ್ತಿದ್ದದ್ದು ಮುಖಕ್ಕೆ. ಕೆಳದವಡೆ ಹಾರಿಹೋದವರನ್ನು ಡೋಲಿಯ ಮೇಲೆ ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು, ರಕ್ತ ಗಂಟಲಿಗಿಳಿದು ದಾರಿಯಲ್ಲೇ ಸಾಯುತ್ತಿದ್ದರು. ಕೂರಿಸಿ, ಮುಂದಕ್ಕೆ ಬಾಗಿಸಿ ಸಾಗಿಸಬೇಕೆಂಬ ಪಾಠ ಹಾಗೆ ಬಂತು. ಬದುಕುಳಿದವರ ಗಾಯಕ್ಕೆ ಅವಸರದಲ್ಲಿ ಚರ್ಮದ ಅಂಚುಗಳನ್ನು ಎಳೆದು ಹೊಲಿದುಬಿಡುತ್ತಿದ್ದರು. ಅಡಿಯಲ್ಲಿ ಮೂಳೆಯ ಆಸರೆಯಿಲ್ಲದೆ ಕಲೆ ಕುಗ್ಗುತ್ತ ಹೋಗಿ, ಕೆಲವು ವಾರಗಳಲ್ಲಿ ಮುಖವೇ ಒಳಕ್ಕೆ ಕುಸಿಯುತ್ತಿತ್ತು.

ಮೊದಲು ಹಲ್ಲು ಮತ್ತು ಮೂಳೆ, ಆಮೇಲೆ ಚರ್ಮ ಎಂದು ಕಲಿಸಿಕೊಟ್ಟವರು ದಂತವೈದ್ಯರು. ಆರ್ಮೇನಿಯಾ ಮೂಲದ ವರಾಜ್ತಾದ್ ಕಜಾಂಜಿಯನ್ 1915ರಲ್ಲಿ ಹಾರ್ವರ್ಡ್ ತಂಡದೊಂದಿಗೆ ಫ್ರಾನ್ಸಿಗೆ ಬಂದ. ಯುದ್ಧ ಮುಗಿದ ಮೇಲೆ ಮರಳಿ ಹೋಗಿ ವೈದ್ಯಕೀಯವನ್ನೂ ಓದಿದ. ಓಗುಸ್ತ್ ವಲಾದಿಯೆ ಎಂಬ ಇನ್ನೊಬ್ಬ ದಂತವೈದ್ಯ ತನ್ನ ರೋಲ್ಸ್ ರಾಯ್ಸ್ ಕಾರಿನಲ್ಲಿಯೇ ಹಲ್ಲಿನ ಕುರ್ಚಿ ಕೂರಿಸಿಕೊಂಡು ಓಡಾಡುತ್ತಿದ್ದ. ಅವನ ಕೆಲಸವನ್ನು ಹತ್ತಿರದಿಂದ ಕಂಡ ಹೆರಾಲ್ಡ್ ಗಿಲ್ಲಿಸ್, ಮೂಲತಃ ಕಿವಿ, ಮೂಗು, ಗಂಟಲಿನ ವೈದ್ಯ, 1917ರಲ್ಲಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಮುಖದ ಗಾಯಗಳಿಗೆಂದೇ ಆಸ್ಪತ್ರೆ ಆರಂಭವಾಗಲು ಕಾರಣನಾದ. ಅಲ್ಲಿ ಚಿಕಿತ್ಸೆ ಪಡೆದವರು 5,000ಕ್ಕೂ ಹೆಚ್ಚು. ಇಂದಿಗೂ ಕೆಲವು ದೇಶಗಳಲ್ಲಿ ಈ ವಿಭಾಗದ ತಜ್ಞರಾಗಲು ದಂತವೈದ್ಯಕೀಯ, ವೈದ್ಯಕೀಯ ಎರಡೂ ಪದವಿ ಬೇಕು, ಕೆಲವು ಕಡೆ ದಂತವೈದ್ಯಕೀಯದ ಮೇಲೆ ಉನ್ನತ ವ್ಯಾಸಂಗ ಸಾಕು. 'ಹಲ್ಲಿನ ಡಾಕ್ಟರು ಮುಖದ ಮೂಳೆಗೆ ಆಪರೇಷನ್ ಮಾಡುತ್ತಾರೆಯೇ?' ಎಂದು ಹುಬ್ಬೇರಿಸುವವರು ಈ ಯುದ್ಧದ ಕಥೆಯನ್ನು ಓದಬೇಕು.

ಯುದ್ಧಕ್ಕೆ ಮೊದಲೇ, 1901ರಲ್ಲಿ, ಫ್ರಾನ್ಸಿನ ರೆನೆ ಲೆ ಫೋರ್ ಶವಗಳ ತಲೆಗೆ ಬಗೆಬಗೆಯಲ್ಲಿ ಪೆಟ್ಟು ಕೊಟ್ಟು, ಮುಖದ ನಡುಭಾಗ ಎಲ್ಲೆಂದರಲ್ಲಿ ಒಡೆಯದೆ ಮೂರು ಗೆರೆಗಳ ಗುಂಟ ಬಿರಿಯುತ್ತದೆ ಎಂದು ಕಂಡುಕೊಂಡಿದ್ದ. ಕೇಳಲು ಘೋರ. ಆದರೆ ಮುಂದೆ ಮೇಲ್ದವಡೆಯನ್ನು ಬೇಕೆಂದೇ ಬಿಡಿಸಿ ಸರಿಸುವ ಶಸ್ತ್ರವೈದ್ಯರಿಗೆ ಅವನ ಕೆಳಗಿನ ಬಿರುಕುಗೆರೆಯೇ ಕತ್ತರಿಸುವ ಗೆರೆಯಾಯಿತು.

ಕೆಳದವಡೆಗೆ ಅಂಥ ದಾರಿ ತೆರೆದವನು ಹ್ಯೂಗೋ ಓಬ್ವೆಗೆಸರ್. ರಿಚರ್ಡ್ ಟ್ರೌನರ್ ಜೊತೆಗೂಡಿ 1957ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ದವಡೆಯ ಹಿಂಭಾಗವನ್ನು ಅಡ್ಡಕ್ಕೆ ತುಂಡರಿಸುವುದಿಲ್ಲ. ಅವರೆಬೇಳೆಯನ್ನು ಎರಡು ಹೋಳು ಮಾಡಿದಂತೆ ಮೂಳೆಯನ್ನು ಒಳಪದರ, ಹೊರಪದರವಾಗಿ ಸೀಳುತ್ತಾರೆ. ಹಲ್ಲಿರುವ ಭಾಗ ಮುಂದೆಯೋ ಹಿಂದೆಯೋ ಜಾರಿದರೂ ಎರಡು ಪದರಗಳು ಒಂದಕ್ಕೊಂದು ತಾಗಿಕೊಂಡೇ ಇರುವುದರಿಂದ ಮೂಳೆ ಬೆಸೆಯುತ್ತದೆ. ಎಲ್ಲವೂ ಬಾಯೊಳಗಿನಿಂದಲೇ ನಡೆಯುವುದರಿಂದ ಮುಖದ ಮೇಲೆ ಕಲೆಯಿಲ್ಲ. ಬಿಡಿಸಿದ ಮೇಲ್ದವಡೆ ರಕ್ತವಿಲ್ಲದೆ ಸತ್ತುಹೋಗುವುದಿಲ್ಲವೇ ಎಂಬ ಹೆದರಿಕೆಯನ್ನು ವಿಲಿಯಂ ಬೆಲ್‌ನ ಪ್ರಯೋಗಗಳು ಕಳೆದವು. ಅಂಗುಳದ ಮೃದುಭಾಗದ ಮೂಲಕ ಹರಿಯುವ ರಕ್ತವೇ ಅದಕ್ಕೆ ಸಾಕಾಗುತ್ತದೆ. 1970ರ ದಶಕದಲ್ಲಿ ಸ್ಟ್ರಾಸ್‌ಬರ್ಗಿನ ಮ್ಯಾಕ್ಸಿಮ್ ಶಾಂಪಿ ಮತ್ತಿತರರು ಸಣ್ಣ ಪ್ಲೇಟು, ಸ್ಕ್ರೂಗಳನ್ನು ರೂಢಿಗೆ ತಂದರು. ಅದಕ್ಕೆ ಮೊದಲು ಮೇಲಿನ ಕೆಳಗಿನ ಹಲ್ಲುಗಳನ್ನು ತಂತಿಯಿಂದ ಕಟ್ಟಿ, ನಾಲ್ಕರಿಂದ ಆರು ವಾರ ಬಾಯಿ ತೆರೆಯದೆ ದ್ರವಾಹಾರದಲ್ಲೇ ಇರಬೇಕಿತ್ತು.

ದವಡೆ ಸರಿಸುವ ಈ ಶಸ್ತ್ರಚಿಕಿತ್ಸೆ ಯಾರಿಗೆ ಬೇಕು? ಹಲ್ಲು ಮಾತ್ರ ವಕ್ರವಾಗಿದ್ದರೆ ಕ್ಲಿಪ್ ಸಾಕು. ಹಲ್ಲು ನಿಂತಿರುವ ಮೂಳೆಯೇ ಹೆಚ್ಚು ಹಿಂದೆ ಅಥವಾ ಮುಂದೆ ಬೆಳೆದು, ಮುಂಬಲ್ಲಿನಿಂದ ಕಚ್ಚಿ ಕತ್ತರಿಸಲಾಗದೆ, ಅಗಿಯಲು ಎರಡು ಮೂರು ಹಲ್ಲುಗಳಷ್ಟೇ ಸಿಗುವಂತಾದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ದವಡೆ ಹಿಂದಿರುವ ಕಾರಣ ನಿದ್ದೆಯಲ್ಲಿ ಉಸಿರು ಕಟ್ಟುವ ಕೆಲವರಿಗೆ ಎರಡೂ ದವಡೆಗಳನ್ನು ಮುಂದೆ ತರುವುದೂ ಉಂಟು. ಸಾಮಾನ್ಯವಾಗಿ ಬೆಳವಣಿಗೆ ನಿಲ್ಲುವವರೆಗೆ ಕಾಯಬೇಕು. ಮೊದಲು ತಿಂಗಳುಗಟ್ಟಲೆ ಕ್ಲಿಪ್ ಹಾಕುತ್ತಾರೆ, ಆಗ ಕಚ್ಚು ಇನ್ನೂ ಕೆಟ್ಟಂತೆ ಕಾಣುತ್ತದೆ. ಪ್ರತಿ ಹಲ್ಲನ್ನೂ ಅದರದರ ಮೂಳೆಗೆ ನೇರವಾಗಿ ನಿಲ್ಲಿಸುವಾಗ ಎರಡು ದವಡೆಗಳ ನಡುವಿನ ನಿಜವಾದ ಅಂತರ ಬಯಲಾಗುವುದರಿಂದ ಹೀಗೆ. ಕೆಳತುಟಿಯ ಜೋಮು ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಳ ಕಾಲ ಇರಬಹುದು, ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ. ಮುಖದ ಅಂದಕ್ಕಾಗಿ ಮಾತ್ರ ಇದಕ್ಕೆ ಮುಂದಾಗುವವರು ಈ ಸಾಧ್ಯತೆಯನ್ನು ಎರಡು ಸಲ ಯೋಚಿಸುವುದು ಲೇಸು.

ಸೀಳುತುಟಿಯ ಮಕ್ಕಳ ಲೆಕ್ಕ ಬೇರೆ. ತುಟಿಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ, ಅಂಗುಳವನ್ನು ಮಾತು ಕಲಿಯುವ ಮೊದಲು, ಅಂದರೆ ಒಂದು ವರ್ಷದ ಆಸುಪಾಸಿನಲ್ಲಿ, ಹೊಲಿಯುತ್ತಾರೆ. ವಸಡಿನ ಸೀಳಿಗೆ ಮೂಳೆ ತುಂಬುವುದು ಕೋರೆಹಲ್ಲು ಮೂಡುವ ಸ್ವಲ್ಪ ಮೊದಲು.

ಬುದ್ಧಿಹಲ್ಲಿನ ವಿಷಯದಲ್ಲಿ ವೈದ್ಯಲೋಕವೇ ಮನಸ್ಸು ಬದಲಿಸಿಕೊಂಡಿದೆ. ಒಂದು ಕಾಲಕ್ಕೆ ಹೂತ ಹಲ್ಲನ್ನು ತೊಂದರೆ ಕೊಡುವ ಮೊದಲೇ ಕಿತ್ತುಹಾಕುವುದು ಜಾಣತನ ಎನಿಸಿತ್ತು. 2000ದಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ನೈಸ್, ರೋಗವಿಲ್ಲದ ಬುದ್ಧಿಹಲ್ಲನ್ನು ಮುಂಜಾಗ್ರತೆಗೆಂದು ತೆಗೆಯಬೇಡಿ ಎಂದಿತು. ವಸಡು ಮತ್ತೆ ಮತ್ತೆ ಬಾತು ಕೀವಾಗುವುದು, ಹುಳುಕು, ಪಕ್ಕದ ಹಲ್ಲಿಗೆ ಹಾನಿ, ಸುತ್ತ ನೀರ್ಗುಳ್ಳೆ ಬೆಳೆಯುವುದು, ಇವು ಒಪ್ಪತಕ್ಕ ಕಾರಣಗಳು. ಈ ವಾದ ಎಲ್ಲ ದೇಶಗಳಲ್ಲೂ ಮುಗಿದಿಲ್ಲ.

ದವಡೆಯ ಕೀಲುನೋವಿಗೂ ಇದೇ ಮಾತು, ಇನ್ನೂ ಗಟ್ಟಿಯಾಗಿ. ಬಹುತೇಕ ಜನರಿಗೆ ಮೆತ್ತನೆಯ ಆಹಾರ, ವ್ಯಾಯಾಮ, ರಾತ್ರಿ ಹಾಕಿಕೊಳ್ಳುವ ಪಟ್ಟಿ ಸಾಕು. 1980ರ ದಶಕದಲ್ಲಿ ಕೀಲಿನೊಳಗೆ ಟೆಫ್ಲಾನ್ ಪದರ ಕೂರಿಸಿಕೊಂಡ ಅನೇಕರಲ್ಲಿ ಆ ಪದರ ಚೂರಾಗಿ ಮೂಳೆಯನ್ನೇ ಸವೆಸಿತು, ಕೊನೆಗೆ ಅದನ್ನು ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು.

ಆದರೆ ಕಾಯಬಾರದ ಸಂದರ್ಭಗಳೂ ಇವೆ. ಕೆಟ್ಟ ಹಲ್ಲಿನ ಕೀವು ನಾಲಿಗೆಯ ಅಡಿಗೆ, ಕುತ್ತಿಗೆಗೆ ಹರಡುವ ಬೇನೆಯನ್ನು 1836ರಲ್ಲಿ ಜರ್ಮನಿಯ ಲುಡ್ವಿಗ್ ವಿವರಿಸಿದ. ಅದಕ್ಕೆ ಇಂದಿಗೂ ಅವನದೇ ಹೆಸರು. ಗದ್ದದ ಕೆಳಗೆ ಗಟ್ಟಿ ಊತ, ನಾಲಿಗೆ ಮೇಲೆದ್ದಂತಾಗುವುದು, ಎಂಜಲು ನುಂಗಲಾಗದಿರುವುದು, ದನಿ ಬದಲಾಗುವುದು, ಉಸಿರಿಗೆ ತೊಡಕು ಕಂಡರೆ ಬೆಳಗಾಗಲಿ ಎಂದು ಕೂರದೆ ಆಸ್ಪತ್ರೆಗೆ ಓಡಬೇಕು. ಮಾತ್ರೆಯಿಂದ ಮಾತ್ರ ಇದು ಇಳಿಯದು, ಕೀವನ್ನು ಹೊರಬಿಟ್ಟು ಮೂಲದ ಹಲ್ಲನ್ನೂ ನೋಡಿಕೊಳ್ಳಬೇಕು. ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ದಿನೇದಿನೇ ಕಡಿಮೆ ತೆರೆಯುವ ಬಾಯಿ, ಇವನ್ನು ತಂಬಾಕು, ಅಡಿಕೆ ಬಳಸುವವರು ವಿಶೇಷವಾಗಿ ಗಮನಿಸಬೇಕು. 1923ರಲ್ಲಿ ಬಾಯಿ ಕ್ಯಾನ್ಸರ್ ಪತ್ತೆಯಾದ ಸಿಗ್ಮಂಡ್ ಫ್ರಾಯ್ಡ್ ಸಾಯುವವರೆಗಿನ ಹದಿನಾರು ವರ್ಷಗಳಲ್ಲಿ 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಅನುಭವಿಸಿದ. ಕತ್ತರಿಸಿದ ಭಾಗವನ್ನು ಮುಚ್ಚುವ ಕೃತಕ ಪಟ್ಟಿ ಬಾಯಿಗೆ ಎಂದೂ ಸರಿಯಾಗಿ ಹೊಂದಲಿಲ್ಲ. 1989ರ ನಂತರ ಕಾಲಿನ ಸಣ್ಣ ಮೂಳೆಯನ್ನು ಅದರ ರಕ್ತನಾಳದ ಸಮೇತ ತಂದು ಹೊಸ ಕೆಳದವಡೆ ಕಟ್ಟುವುದು ರೂಢಿಗೆ ಬಂತು. ಅದರ ಮೇಲೆ ಟೈಟಾನಿಯಂ ಇಂಪ್ಲಾಂಟ್ ನೆಟ್ಟು ಹಲ್ಲನ್ನೂ ಕೂರಿಸಬಹುದು.

ಕೊನೆಯದೊಂದು ಹಳೆಯ ರೋಗ. ಹತ್ತೊಂಬತ್ತನೆಯ ಶತಮಾನದ ಬೆಂಕಿಪೊಟ್ಟಣದ ಕಾರ್ಖಾನೆಗಳಲ್ಲಿ ಬಿಳಿ ರಂಜಕದ ಹಬೆ ಕುಡಿದವರ ದವಡೆ ಕೊಳೆತು, ಮೂಳೆ ಹೊರಗೆ ಕಾಣುತ್ತಿತ್ತು. 1906ರ ಬರ್ನ್ ಒಪ್ಪಂದ ಆ ರಂಜಕವನ್ನು ನಿಷೇಧಿಸಿದ ಮೇಲೆ ರೋಗವೂ ಕ್ರಮೇಣ ಮರೆಯಾಯಿತು. 2003ರಲ್ಲಿ ಅಂಥದೇ ಚಿತ್ರ ಮತ್ತೆ ವರದಿಯಾಯಿತು. ಈ ಬಾರಿ ರೋಗಿಗಳು ಮೂಳೆಸವೆತಕ್ಕೋ, ಮೂಳೆಗೆ ಹರಡಿದ ಕ್ಯಾನ್ಸರಿಗೋ ಬಿಸ್‌ಫಾಸ್ಫೊನೇಟ್ ಔಷಧ ಪಡೆಯುತ್ತಿದ್ದವರು. ಹಲ್ಲು ಕಿತ್ತ ಜಾಗ ಮಾಯದೆ ಮೂಳೆ ಬತ್ತಲೆಯಾಗಿತ್ತು. ಮೂಳೆಸವೆತಕ್ಕೆ ನುಂಗುವ ಮಾತ್ರೆಯಿಂದ ಹೀಗಾಗುವುದು ಅಪರೂಪ. ಕ್ಯಾನ್ಸರಿಗೆ ರಕ್ತನಾಳದ ಮೂಲಕ ಕೊಡುವ ಹೆಚ್ಚಿನ ಪ್ರಮಾಣದಿಂದ ಅಪಾಯ ಹೆಚ್ಚು. ಹಾಗಾಗಿ ಅಂಥ ಔಷಧ ಶುರುವಾಗುವ ಮೊದಲೇ ಕೀಳಬೇಕಾದ ಹಲ್ಲನ್ನು ಕೀಳಿಸಿ ಗಾಯ ಮಾಯಲು ಬಿಡುತ್ತಾರೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಔಷಧದ ಚೀಟಿಯನ್ನು ಹಲ್ಲಿನ ವೈದ್ಯರ ಬಳಿಗೂ ಒಯ್ಯಬೇಕು.